ಸರ್ವರಿಗೂ ಸರ್ವರಿನಲ್ಲೊಂದು ಮನೆ

ಯಾವ ಮನೆಯಲ್ಲೇ ನೋಡಿ, ಹೊಸ ಮಿಕ್ಸಿಯೋ ಗೀಸರೋ ಬಂದಾಗ ಅದರ ಡಬ್ಬಿಯೊಳಗಿನ ಪುಸ್ತಿಕೆಯನ್ನು ತೆಗೆದು ಓದುವ ಪ್ರಾಣಿ ಒಂದೇ ಒಂದು ಇರುತ್ತದೆ. ಉಳಿದವರೆಲ್ಲ ಸ್ವಿಚ್ಚು ಒತ್ತಿ ನೋಡುವ ಪಂಗಡದವರು. ಓದುವ ಪ್ರಾಣಿಗೆ ತಾನು ಜಾಣ ಎಂಬ ಭ್ರಮೆ ಇರುತ್ತದೆ. ಅದು ಭ್ರಮೆ ಎಂಬುದು ಸ್ವಿಚ್ಚು ಒತ್ತುವವರಿಗೆ ಚೆನ್ನಾಗಿ ಗೊತ್ತು, ಆದರೂ ಅವರು ಬಾಯಿ ಬಿಡುವುದಿಲ್ಲ. ಮುಂದೆ ಯಂತ್ರ ಕೈಕೊಟ್ಟಾಗ "ನೀವೇ ಓದಿದ್ದು ತಾನೇ, ನೀವೇ ನೋಡಿ" ಎನ್ನಲು ಒಬ್ಬ ಬೇಕಲ್ಲ! ನಮ್ಮ ಮನೆಯಲ್ಲಿ ಆ ಒಬ್ಬ ನಾನು. ಮಾತ್ರೆಯ ಡಬ್ಬಿಯಲ್ಲಿ ಬರುವ, ಒಮ್ಮೆ ಬಿಚ್ಚಿದರೆ ಬ್ರಹ್ಮನಿಗೂ ಮೊದಲಿನಂತೆ ಮಡಿಸಲು ಬಾರದ ಆ ತೆಳು ಕಾಗದವನ್ನೂ ನಾನು ಪೂರ್ತಿ ಓದುತ್ತೇನೆ. ಓದಿದ ಮೇಲೆ ಮಾತ್ರೆ ನುಂಗುವ ಧೈರ್ಯ ಸಾಲದೆ ಜ್ವರವನ್ನು ಅದರ ಪಾಡಿಗೆ ಬಿಟ್ಟದ್ದೂ ಉಂಟು. ಮನೆಯಲ್ಲಾದರೆ ಈ ಚಟದಿಂದ ಅಷ್ಟೇನೂ ಅಪಾಯವಿಲ್ಲ. ಕೆಲಸದ ಜಾಗದಲ್ಲಿ ಅದು ಗೊತ್ತಾಗಿಬಿಟ್ಟರೆ ಮಾತ್ರ ದೇವರೇ ಗತಿ.

ನಾನು ಹೊಟ್ಟೆಪಾಡಿಗೂ ಓದುವವನೇ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫು ತಿದ್ದುತ್ತೇನೆ. ಮದುವೆ ಕಾರ್ಡು, ಸಂಘಗಳ ವಾರ್ಷಿಕ ವರದಿ, ಅಡಿಕೆ ಕೊಳೆರೋಗದ ಔಷಧಿಯ ಕರಪತ್ರ, ಸ್ವಂತ ಖರ್ಚಿನಲ್ಲಿ ಅಚ್ಚಾಗುವ ಕವನ ಸಂಕಲನ, ಯಾವುದೇ ಇರಲಿ, ಯಂತ್ರಕ್ಕೆ ಹೋಗುವ ಮುಂಚೆ ನನ್ನ ಮೇಜಿನ ಮೇಲೆ ಮಲಗಿ ಕೆಂಪು ಪೆನ್ನಿನಿಂದ ಚುಚ್ಚಿಸಿಕೊಂಡೇ ಹೋಗಬೇಕು. ವಾಸ ಭದ್ರಾವತಿಯ ಜನ್ನಾಪುರದಲ್ಲಿ. ದಿನವೂ ಬಸ್ಸಿನಲ್ಲಿ ಓಡಾಟ. ದಾರಿಯಲ್ಲೊಂದು ಹೋಟೆಲು 'ಶುದ್ಧ ಸಸ್ಯಹಾರಿ' ಎಂದು ಬೋರ್ಡು ಹಾಕಿಕೊಂಡಿದೆ. 'ಸ್ಯ'ಕ್ಕೆ ದೀರ್ಘ ಕೊಡುವ ತನಕ ಅಲ್ಲಿ ಕಾಲಿಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಶಪಥ ಮಾಡಿ ಎಷ್ಟೋ ಕಾಲವಾಯಿತು. ಅವರು ದೀರ್ಘ ಕೊಟ್ಟಿಲ್ಲ. ಅಲ್ಲಿಯ ಮಸಾಲೆದೋಸೆ ಬಹಳ ಚೆನ್ನಾಗಿರುತ್ತದೆ ಎಂದು ತಿಂದವರು ಹೇಳುತ್ತಾರೆ.

ಪ್ರೆಸ್ಸಿನ ಯಜಮಾನರು ಶಿವಾನಂದಪ್ಪನವರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಯಾವಾಗಲೂ ಮೊಬೈಲು. ನನ್ನನ್ನು 'ಪಂಡಿತ್ರೇ' ಎನ್ನುತ್ತಾರೆ. ಅದರಲ್ಲಿ ಗೌರವವೆಷ್ಟು ತಮಾಷೆಯೆಷ್ಟು ಎಂದು ಬಿಡಿಸಿ ನೋಡುವ ಗೋಜಿಗೆ ನಾನು ಹೋಗಿಲ್ಲ. ಯಂತ್ರ ನಡೆಸುವವರು ಬಷೀರಣ್ಣ. ಕಂಪ್ಯೂಟರಿನಲ್ಲಿ ಡಿಸೈನು ಮಾಡುವವಳು ಗಿರಿಜಾ. ನಲವತ್ತು ದಾಟಿದ, ಮಾತು ಕಡಿಮೆ ಕೆಲಸ ಜಾಸ್ತಿ ಎನ್ನುವಂಥ ಹೆಂಗಸು. ವಿನೋಬನಗರದಲ್ಲಿ ತಾಯಿಯ ಜೊತೆ ಇದ್ದಾಳೆ. ಶಿವಮೊಗ್ಗದ ಅರ್ಧ ಮದುವೆಗಳು ಛತ್ರದಲ್ಲಿ ಆಗುವ ಮುಂಚೆ ಗಿರಿಜಾಳ ಪರದೆಯ ಮೇಲೆ ಆಗಿರುತ್ತವೆ. ಗಣಪತಿಯನ್ನು ಎಡಕ್ಕೆ ಸರಿಸಿ, ಹುಡುಗನ ಡಿಗ್ರಿಯನ್ನು ಬಲಕ್ಕೆ ಎಳೆದು, ಎರಡೂ ಕಡೆಯ ಬಂಧುಬಳಗವನ್ನು ಜಗಳವಿಲ್ಲದಂತೆ ಒಂದೇ ಪುಟದಲ್ಲಿ ಕೂರಿಸುವ ವಿದ್ಯೆ ಅವಳಿಗೆ ಒಲಿದಿತ್ತು.

ನಮ್ಮ ತಾಪತ್ರಯ ಇದ್ದದ್ದು ಕಡತಗಳದ್ದು. ಮೂರು ಕಂಪ್ಯೂಟರುಗಳು, ಯಾರದ್ದೆಂದು ಯಾರಿಗೂ ತಿಳಿಯದ ಒಂದು ಹಿಡಿ ಪೆನ್‌ಡ್ರೈವುಗಳು. ಒಂದೇ ಕಾರ್ಡು 'ಫೈನಲ್' ಎಂದು ಒಂದು ಕಡೆ, 'ಹೊಸ ಫೈನಲ್' ಎಂದು ಇನ್ನೊಂದು ಕಡೆ, 'ಇದೇ ಫೈನಲ್ ದೇವರಾಣೆ' ಎಂದು ಮತ್ತೊಂದು ಕಡೆ ಇರುತ್ತಿತ್ತು. ಹೀಗಿರುವಾಗ ಒಂದು ಗೃಹಪ್ರವೇಶದ ಕಾರ್ಡು ಬಂತು. ಮೊದಲ ಪ್ರೂಫಿನಲ್ಲಿ 'ಗ್ರಹಪ್ರವೇಶ' ಎಂದಿತ್ತು. ನಾನು ತಿದ್ದಿದೆ, ಗಿರಿಜಾ ಸರಿಪಡಿಸಿದಳು, ಬಷೀರಣ್ಣನ ಕೈಗೆ ಹೋದದ್ದು ಮಾತ್ರ ಹಳೆಯ ಪೆನ್‌ಡ್ರೈವು. ಕಾರ್ಡು ಒಯ್ದವರು ಮಾರನೆಯ ದಿನ ಕಟ್ಟುಗಳ ಸಮೇತ ವಾಪಸು ಬಂದರು.

"ಅಲ್ರೀ, ಮನೆ ಕಟ್ಸಿದ್ದು ನಾವ್ ಇರಕ್ಕೆ. ನೀವು ಶನಿ, ರಾಹು, ಕೇತು ಎಲ್ಲಾರ್ನೂ ಒಳಗೆ ಕರೀತಿದೀರಲ್ಲ, ಅವ್ರೆಲ್ಲ ಬಂದ್ ಕೂತ್ಕೊಂಡ್ರೆ ನಾವೆಲ್ಲಿಗೆ ಹೋಗೋಣ?"

ಯಜಮಾನರು ನನ್ನ ಮುಖ ನೋಡಿದರು. ನಾನು ತಿದ್ದಿದ್ದ ಪ್ರತಿಯನ್ನು ಹಿಡಿದುಕೊಂಡು ನಿಂತಿದ್ದೆ. ಆದರೆ ಸರಿ ಇದ್ದವನೇ ಹೆಚ್ಚು ಪೆಚ್ಚಾಗಿ ಕಾಣುವ ಕೆಲವು ಸಂದರ್ಭಗಳಿರುತ್ತವೆ. ಆ ಸಿಟ್ಟಿನಲ್ಲೇ ನಾನು, "ಎಲ್ಲರ ಕೆಲಸವೂ ಒಂದೇ ಕಡೆ ಇರೋ ಹಾಗೆ ಒಂದು ಸರ್ವರ್ ತರಿಸಿ ಸಾರ್, ಈ ಪೆನ್‌ಡ್ರೈವ್ ಸಹವಾಸನೇ ಬೇಡ" ಎಂದುಬಿಟ್ಟೆ. ಎಲ್ಲೋ ಓದಿದ್ದೆ, ಅಷ್ಟೇ.

ಯಜಮಾನರು ತರಿಸಿಯೇಬಿಟ್ಟರು. ಕಂಪ್ಯೂಟರ್ ಅಂಗಡಿಯವನು ಒಂದು ಕಪ್ಪು ಪೆಟ್ಟಿಗೆಯನ್ನು ತಂದು ಮೂಲೆಯಲ್ಲಿಟ್ಟು, ತಂತಿಗಳನ್ನು ಸಿಕ್ಕಿಸಿ, ಅದರೊಳಗೆ ಎರಡು ಡಿಸ್ಕುಗಳಿವೆ ಎಂದು ತಿಳಿಸಿದ. ಚಿಕ್ಕದು ಸರ್ವರಿನ ಸ್ವಂತ ಬುದ್ಧಿಗೆ, ದೊಡ್ಡದು ನಮ್ಮ ಸಾಮಾನು ತುಂಬಲಿಕ್ಕೆ. "ದೊಡ್ಡದನ್ನ ಭಾಗ ಮಾಡ್ಕೊಂಡು, ಒಬ್ಬೊಬ್ಬರಿಗೆ ಒಂದೊಂದು ಹೋಮ್ ಫೋಲ್ಡರ್ ಮಾಡ್ಕೊಟ್ರೆ ಮುಗೀತು. ಏನೂ ಕಷ್ಟ ಇಲ್ಲ, ಎಲ್ಲಾ ಈ ಬುಕ್ಕಲ್ಲಿದೆ, ಯಾರಾದ್ರೂ ಒಬ್ರು ಓದ್ಕೊಂಡ್ರೆ ಆಯ್ತು" ಎಂದು ಒಂದು ಪುಸ್ತಿಕೆಯನ್ನು ಮುಂದೆ ಚಾಚಿದ. ಓದು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಎಲ್ಲರ ಮುಖಗಳೂ ಸೂರ್ಯಕಾಂತಿ ಹೂಗಳಂತೆ ನನ್ನ ಕಡೆ ತಿರುಗಿದವು.

ನಾನು ಓದಿದೆ. ಪುಸ್ತಿಕೆಯಲ್ಲಿ ಪುಟಕ್ಕೆ ಹತ್ತು ಸಲ 'ವಾಲ್ಯೂಮ್' ಎಂಬ ಮಾತು. ಪ್ರೆಸ್ಸಿನವನಿಗೆ ವಾಲ್ಯೂಮ್ ಎಂದರೆ ಸಂಪುಟ, ಸಮಗ್ರ ಸಾಹಿತ್ಯದ್ದು, ರಟ್ಟಿನ ಬೈಂಡಿನದ್ದು. ಇಲ್ಲಿ ಅದು ಡಿಸ್ಕಿನಲ್ಲಿ ಗೆರೆ ಎಳೆದು ಮಾಡಿದ ಒಂದೊಂದು ಭಾಗ ಎಂದು ತಿಳಿಯುವಷ್ಟರಲ್ಲಿ ಸಾಕಾಯಿತು. ಯಜಮಾನರಿಗೆ ಅದನ್ನು ವಿವರಿಸಲು ಹೋದೆ. ಅವರು ಕೈ ಅಡ್ಡ ಹಿಡಿದು, "ನಮಗೆ ವಾಲ್ಯೂಮ್ ಎಲ್ಲ ಬೇಡ ಪಂಡಿತ್ರೇ, ಸದ್ದಿಲ್ದೆ ಕೆಲಸ ಮಾಡ್ಕೊಂಡು ಹೋದ್ರೆ ಸಾಕು" ಎಂದರು. ಕೊನೆಗೆ ನಾನೇ ಎರಡು ವಾಲ್ಯೂಮುಗಳನ್ನು ಗೊತ್ತುಮಾಡಿದೆ. ಎಲ್ಲರೂ ನೋಡಬಹುದಾದ, ಅಚ್ಚಿಗೆ ಸಿದ್ಧವಾದ ಕಡತಗಳಿಗೆ 'ಅಂಗಡಿ'. ಒಬ್ಬೊಬ್ಬರ ಖಾಸಗಿ ಫೋಲ್ಡರುಗಳಿಗೆ 'ಮನೆ'. ಅಂಗಡಿ ಎಲ್ಲರಿಗೂ ತೆರೆದಿರುತ್ತದೆ, ಮನೆಗೆ ಅವರವರದೇ ಪಾಸ್‌ವರ್ಡಿನ ಬೀಗ.

ಮನೆ ಹಂಚುವ ಕೆಲಸ ಕೈಗೆ ಬಂದ ಮೇಲೆ ಮನುಷ್ಯರ ಗುಣ ಗೊತ್ತಾಗುತ್ತದೆ. ಯಜಮಾನರು ಮೆಲ್ಲನೆ ಬಂದು, "ನಂದು ಸ್ವಲ್ಪ ದೊಡ್ಡದಿರ್ಲಿ" ಎಂದರು. "ಅಳತೆ ಯಾರಿಗೂ ಕಾಣಲ್ಲ ಸಾರ್" ಎಂದೆ. "ಕಾಣ್ದೆ ಇದ್ರೂ ದೊಡ್ಡದಿರ್ಲಿ" ಎಂದರು. ಬಷೀರಣ್ಣ ಜೀವಮಾನದಲ್ಲಿ ಕಂಪ್ಯೂಟರಿನ ಮೌಸು ಮುಟ್ಟಿದವರಲ್ಲ. ಅವರೂ ಮಸಿ ಕೈ ಒರೆಸಿಕೊಳ್ಳುತ್ತ ಬಂದು, "ಎಲ್ಲಾರ್ಗೂ ಮನೆ ಕೊಟ್ಟು ನಂಗೊಬ್ಬಂಗೆ ಇಲ್ಲ ಅಂದ್ರೆ ಹೆಂಗ್ ಸಾರ್?" ಎಂದು ಬೇಸರ ಮಾಡಿಕೊಂಡರು. ಅವರಿಗೂ ಒಂದು ಕೊಟ್ಟೆ. ಅದರಲ್ಲಿ ಅವರು ತಮ್ಮ ಹೊಸ ಸ್ಕೂಟರಿನ ಒಂದೇ ಒಂದು ಫೋಟೊ ಇಡಿಸಿಕೊಂಡು ಸುಖವಾಗಿದ್ದರು. ಗಿರಿಜಾಳ ಪ್ರಶ್ನೆಯೇ ಬೇರೆ.

"ಬೀಗ ಗಟ್ಟಿ ಇದೆ ತಾನೇ ಸಾರ್? ನಿಮಗೂ ಒಳಗೆ ಕಾಣಲ್ವಾ?"

"ನಾನು ಮನಸ್ಸು ಮಾಡಿದ್ರೆ ಕಾಣುತ್ತೆ. ಆದ್ರೆ ಮನಸ್ಸು ಮಾಡಲ್ಲ."

"ಮಾಡ್ಬೇಡಿ ಮತ್ತೆ" ಎಂದು ಹೇಳಿ ಹೋದಳು. ಇವಳಿಗೆಂಥ ಗುಟ್ಟು, ಯಾವುದೋ ಹೋಳಿಗೆಯ ಪಾಕವಿಧಾನ ಇರಬೇಕು ಎಂದುಕೊಂಡೆ.

ಮನೆಯಲ್ಲಿ ಈ ಸಾಹಸವನ್ನು ಹೇಳಿಕೊಂಡಾಗ ನನ್ನ ಹೆಂಡತಿ ಸರೋಜ ಹುರುಳಿಕಾಯಿ ಸೋಸುತ್ತ, "ನಮ್ಮನೆ ಬೀರು ಬಾಗ್ಲು ಕಿತ್ತೋಗಿ ಯುಗಾದಿಯಿಂದ ಹಂಗೇ ನಿಂತಿದೆ. ಅಲ್ಲಿ ಊರೋರಿಗೆಲ್ಲ ಮನೆ ಕಟ್ಸಿ ಕೊಡ್ತಿದೀರಾ?" ಎಂದು ಕೇಳಿದಳು. ದೊಡ್ಡ ಕೆಲಸ ಕೈಗೊಂಡವರು ಇಂಥ ಮಾತುಗಳಿಗೆ ಕಿವಿಗೊಡಬಾರದು.

ಈಗ ಒಂದೇ ಒಂದು ತಾಂತ್ರಿಕ ವಿಷಯವನ್ನು ಹೇಳಬೇಕು, ಸಹಿಸಿಕೊಳ್ಳಿ. ವಾಲ್ಯೂಮು ಮಾಡಿದರಷ್ಟೇ ಸಾಲದು. ಸರ್ವರು ಪ್ರತಿ ಸಲ ಎದ್ದಾಗಲೂ ಯಾವ ವಾಲ್ಯೂಮನ್ನು ಯಾವ ಜಾಗದಲ್ಲಿ ಕೂರಿಸಬೇಕು ಎಂದು ಅದಕ್ಕೆ ಒಂದು ಸಾಲಿನಲ್ಲಿ ಬರೆದಿಡಬೇಕು. ಒಂದೊಂದು ವಾಲ್ಯೂಮಿಗೂ ಅಕ್ಷರ, ಅಂಕಿ ಬೆರೆತ ಮಾರುದ್ದದ ಗುರುತು ಇರುತ್ತದೆ. ಅದನ್ನು ನೋಡಿಕೊಂಡು ಟೈಪು ಮಾಡಬೇಕು. ಸಾಲಿನ ಕೊನೆಗೆ ಬೇಕಾದರೆ ಇನ್ನೊಂದು ಮಾತು ಸೇರಿಸಬಹುದು. 'ಈ ವಾಲ್ಯೂಮು ಸಿಗದಿದ್ದರೆ ಗಲಾಟೆ ಮಾಡದೆ ಮುಂದೆ ಹೋಗು' ಎಂದು ಅದರ ಅರ್ಥ. ಸೌಮ್ಯ ಸ್ವಭಾವದವನಾದ ನನಗೆ ಆ ಮಾತು ಬಹಳ ಹಿಡಿಸಿ ಅದನ್ನೂ ಸೇರಿಸಿದೆ. ಮನೆಗಳನ್ನು ಸೃಷ್ಟಿಸಿದೆ, ಬೀಗ ಹಾಕಿದೆ, ಎಲ್ಲರಿಗೂ ಪಾಸ್‌ವರ್ಡು ಕೊಟ್ಟೆ. ಎಲ್ಲವೂ ಸರಾಗವಾಗಿ ನಡೆಯಿತು. ಹಲವಾರು ವಾರ ನಾನು ಪ್ರೆಸ್ಸಿನಲ್ಲಿ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ಓಡಾಡಿದೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಸರ್ವರಿನ ಬಗ್ಗೆ ತಿಳಿಸಿಕೊಡುತ್ತಿದ್ದೆ. ಒಬ್ಬರು ತಮ್ಮ ಸ್ಟಾಪಿಗೆ ಮುಂಚೆಯೇ ಇಳಿದುಹೋದರು.

ಎಲ್ಲ ಕೆಟ್ಟದ್ದು ಒಂದು ಸೋಮವಾರ. ಹಿಂದಿನ ದಿನ ಯಜಮಾನರು ಮೊಮ್ಮಗಳನ್ನು ಕರೆದುಕೊಂಡು ತ್ಯಾವರೆಕೊಪ್ಪದ ಸಫಾರಿಗೆ ಹೋಗಿದ್ದರು. ಅಲ್ಲಿ ಮರದ ನೆರಳಲ್ಲಿ ಒಂದು ಸಿಂಹ ಮಲಗಿತ್ತಂತೆ. ಈಗ ಏಳುತ್ತದೆ, ಇನ್ನೇನು ಏಳುತ್ತದೆ ಎಂದು ಯಜಮಾನರು ಮೊಬೈಲು ಹಿಡಿದೇ ಇದ್ದರು. ಸಿಂಹ ಏಳಲಿಲ್ಲ. ಅದರ ಸಮಗ್ರ ನಿದ್ರೆಯ ವೀಡಿಯೊವನ್ನು ಸೋಮವಾರ ಬೆಳಿಗ್ಗೆ ತಮ್ಮ ದೊಡ್ಡ ಮನೆಗೆ ತುಂಬಲು ಕೂತರು. ಅರ್ಧ ಹೋಗುವಷ್ಟರಲ್ಲಿ ಸರ್ವರು 'ಜಾಗವಿಲ್ಲ' ಎಂದಿತು. ಗಿರಿಜಾಳಿಗೂ ಅದೇ ಉತ್ತರ ಬಂತು.

"ಮನೆ ತುಂಬೋಯ್ತಂತಲ್ಲ ಪಂಡಿತ್ರೇ?" ಎಂದರು ಯಜಮಾನರು.

ತುಂಬಲು ಸಾಧ್ಯವೇ ಇರಲಿಲ್ಲ. ಸವಳಂಗ ರಸ್ತೆಯಲ್ಲಿರುವ ಎಲ್ಲ ಪ್ರೆಸ್ಸುಗಳ ಸಾಮಾನು ತಂದು ಸುರಿದರೂ ಮಿಗುವಷ್ಟು ಜಾಗವಿತ್ತು. ಕನ್ನಡಕ ಒರೆಸಿಕೊಂಡು ಸರ್ವರಿನ ಮುಂದೆ ಕೂತು ನೋಡಿದರೆ, ದೊಡ್ಡ ಡಿಸ್ಕಿನಲ್ಲಿ ನಾನು 'ಮನೆ'ಗೆಂದು ಎತ್ತಿಟ್ಟಿದ್ದ ವಾಲ್ಯೂಮು ಮದುವೆ ಮುಗಿದ ಛತ್ರದಂತೆ ಖಾಲಿ ಹೊಡೆಯುತ್ತಿತ್ತು. ಒಂದು ನರಪಿಳ್ಳೆಯೂ ಇಲ್ಲ. ತುಂಬಿ ತುಳುಕುತ್ತಿದ್ದದ್ದು ಚಿಕ್ಕ ಡಿಸ್ಕು, ಸರ್ವರಿನ ಸ್ವಂತ ಬುದ್ಧಿಗೆಂದು ಕೊಟ್ಟದ್ದು. ಹಾಗಾದರೆ ಇಷ್ಟು ದಿನ ಇವರೆಲ್ಲ ಸಂಸಾರ ಹೂಡಿದ್ದು ಅಲ್ಲೇ! ನಾನು ಬರೆದಿದ್ದ ಆ ಸಾಲನ್ನು ತೆಗೆದೆ. ಗುರುತನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಆರು ಎಂಬ ಅಂಕಿ ಇರಬೇಕಾದ ಕಡೆ ಇಂಗ್ಲಿಷಿನ ಚಿಕ್ಕ 'ಬಿ' ಅಕ್ಷರ ಕೂತಿತ್ತು. ಸರ್ವರು ಪಾಪ, ಇಲ್ಲದ ವಾಲ್ಯೂಮನ್ನು ಹುಡುಕಿ, ಸಿಗದೆ, ನಾನೇ ಹೇಳಿದಂತೆ ಗಲಾಟೆ ಮಾಡದೆ ಮುಂದೆ ಹೋಗಿತ್ತು.

ಊರವರ ಒತ್ತು, ದೀರ್ಘಗಳನ್ನೆಲ್ಲ ಹಿಡಿದು ಸಂಬಳ ತೆಗೆದುಕೊಳ್ಳುವವನು ಒಂದೇ ಒಂದು ಸಾಲಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದೆ. ಇದು ಹೊರಗೆ ಗೊತ್ತಾದರೆ ಕವಿಗಳು ಬಿಟ್ಟಾರೆಯೇ? ಯಾರಿಗೂ ಉಸಿರೆತ್ತದೆ, ಎಲ್ಲರೂ ಊಟಕ್ಕೆ ಕೂತಿದ್ದಾಗ ಮೆಲ್ಲನೆ 'ಬಿ'ಯನ್ನು ಅಳಿಸಿ ಆರು ಹಾಕಿದೆ. ಸರ್ವರನ್ನು ಒಮ್ಮೆ ಮಲಗಿಸಿ ಎಬ್ಬಿಸಿದೆ. ದೊಡ್ಡ ವಾಲ್ಯೂಮು ಬಂದು ಠೀವಿಯಿಂದ ತನ್ನ ಜಾಗದಲ್ಲಿ ಕೂತಿತು. ಜಾಗವೋ ಜಾಗ! ಡಬ್ಬಿ ಬಿಚ್ಚಿ ಚಿತ್ರಾನ್ನಕ್ಕೆ ಕೈ ಹಾಕಿದೆ. ಎರಡನೇ ತುತ್ತು ಬಾಯಲ್ಲಿರುವಾಗ ಗಿರಿಜಾಳ ದನಿ ಕೇಳಿಸಿತು.

"ಸಾರ್! ನನ್ನ ಮನೆನೇ ಇಲ್ಲ ಅಂತಿದೆ!"

ಓಡಿಹೋಗಿ ನೋಡಿದೆ. ಫೋಲ್ಡರು ಖಾಲಿಯಾಗಿದ್ದರೆ ಒಂದು ಮಾತು. ಇಂಥ ಹೆಸರಿನ ಮನೆಯೇ ಇಲ್ಲ ಎನ್ನುತ್ತಿತ್ತು ಸರ್ವರು. ಯಜಮಾನರದ್ದೂ ಇಲ್ಲ. ಬಷೀರಣ್ಣನದ್ದೂ ಇಲ್ಲ. ಯಜಮಾನರು ಕೈ ತೊಳೆಯದೆ ಎದ್ದು ಬಂದು, "ನನ್ನ ಸಿಂಹ ಎಲ್ಲಿ ಪಂಡಿತ್ರೇ?" ಎಂದು ಕೇಳಿದರು. ಸಿಂಹ ಕಳೆದುಕೊಂಡವನ ಮುಖ ಹೇಗಿರುತ್ತದೆ ಎಂದು ನಾನು ಅಂದು ನೋಡಿದೆ. ಬಷೀರಣ್ಣ ಮಾತ್ರ ಕಿಟಕಿಯಿಂದ ಹೊರಗೆ ಬಗ್ಗಿ, ಸ್ಕೂಟರು ಇದ್ದ ಜಾಗದಲ್ಲೇ ಇದೆಯೆಂದು ನೋಡಿಕೊಂಡು ಸಮಾಧಾನಪಟ್ಟರು.

ಗಿರಿಜಾ ಕುರ್ಚಿಯಲ್ಲಿ ಸುಮ್ಮನೆ ಕೂತುಬಿಟ್ಟಿದ್ದಳು. ನಾನು ಧೈರ್ಯ ಹೇಳಲು ಹೋದೆ. "ಆರ್ಡರುಗಳದ್ದು ತಾನೇ, ಒಂದಷ್ಟು ಅಂಗಡಿ ಫೋಲ್ಡರಲ್ಲೂ ಇದೆ. ಉಳಿದದ್ದನ್ನ ನಾವೆಲ್ಲ ಸೇರಿ..."

"ಆರ್ಡರ್ದು ಹೋದ್ರೆ ಹೋಗ್ಲಿ ಸಾರ್, ಮತ್ತೆ ಮಾಡ್ತೀನಿ. ಅದಲ್ಲ."

"ಮತ್ತೇನಿತ್ತು?"

"ಕಾರ್ಡು."

"ಯಾರ ಕಾರ್ಡು?"

ಅವಳು ಕೀಬೋರ್ಡನ್ನು ನೋಡುತ್ತ, "ನಂದೇ" ಎಂದಳು.

ಯಜಮಾನರು ಮೆತ್ತಗೆ, "ಮುರುಗೇಶನ ಜೊತೆನಾ?" ಎಂದರು. ಅವಳು ತಲೆಯಾಡಿಸಿದಳು. "ಯಾವ ಮುರುಗೇಶ?" ಎಂದು ಕೇಳಿದವನು ನಾನು. ಯಜಮಾನರೂ ಬಷೀರಣ್ಣನೂ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಆಸ್ಪತ್ರೆಯಲ್ಲಿ ರೋಗಿಗೆ ಇನ್ನೂ ವಿಷಯ ತಿಳಿಸಿಲ್ಲದಾಗ ನೆಂಟರು ನೋಡುತ್ತಾರಲ್ಲ, ಹಾಗೆ.

ಮುರುಗೇಶ ಭದ್ರಾವತಿಯವನು, ನಮ್ಮ ಪುಸ್ತಕಗಳಿಗೆ ಬೈಂಡಿಂಗ್ ಮಾಡಿಕೊಡುವವನು. ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ನೆಲೆಸಿದ ಮನೆತನ. ವಿಧುರ ಎಂದು ಕೇಳಿದ್ದೆ. ಆಟೋದಲ್ಲಿ ಒಂದೇ ಸಲಕ್ಕೆ ತಂದುಹಾಕಬಹುದಾದ ಕಟ್ಟುಗಳನ್ನು ಅವನು ದಿನಕ್ಕೊಂದರಂತೆ ಹೊತ್ತುಕೊಂಡು ಬರುತ್ತಿದ್ದ. ಪಾಪ, ವ್ಯವಹಾರ ಜ್ಞಾನ ಕಡಿಮೆ ಎಂದುಕೊಂಡಿದ್ದೆ. ಹೀಗೆ ಮಾಡಿದರೆ ಎಷ್ಟು ಸಮಯ ಹಾಳು ಎಂದು ಒಮ್ಮೆ ಕೂರಿಸಿಕೊಂಡು ಬುದ್ಧಿ ಹೇಳಿದ್ದೂ ಉಂಟು. "ಆಗ್ಲಿ ಸಾರ್, ಇನ್ಮೇಲೆ ನೋಡ್ಕೊತೀನಿ ಸಾರ್" ಎಂದು ಕೈಮುಗಿದು, ಮರುದಿನ ಅರ್ಧ ಕಟ್ಟು ತಂದಿದ್ದ.

ಗಿರಿಜಾ ಈಗ ಬಿಡಿಸಿ ಹೇಳಿದಳು. ತಾಯಿಗೆ ಇನ್ನೂ ವಿಷಯ ಗೊತ್ತಿಲ್ಲ. ಅಂದು ಸಂಜೆ ಮುರುಗೇಶ ಮನೆಗೆ ಬರುವವನಿದ್ದ, ಅಂದೇ ಹೇಳುವುದೆಂದು ಇಬ್ಬರೂ ಗಟ್ಟಿಮನಸ್ಸು ಮಾಡಿದ್ದರು.

"ಬಾಯಲ್ಲಿ ಹೇಳಿದ್ರೆ ಅಮ್ಮ ಬೇಡ ಅಂತಾಳೆ ಸಾರ್. ಅಚ್ಚಾಗಿದ್ದಕ್ಕೆ ಮಾತ್ರ ಅಮ್ಮ ಯಾವತ್ತೂ ಎದುರಾಡಲ್ಲ. ಒಂದ್ಸಲ ಕ್ಯಾಲೆಂಡರಲ್ಲಿ ಹಬ್ಬದ ದಿನ ತಪ್ಪಾಗಿ ಅಚ್ಚಾಗಿತ್ತು. ಬೀದಿಯೋರೆಲ್ಲ ಹೇಳಿದ್ರೂ ಕೇಳ್ದೆ ಅವತ್ತೇ ಒಬ್ಬಟ್ಟು ಮಾಡಿದ್ಲು. ಅದ್ಕೆ ಮೊದ್ಲು ಕಾರ್ಡು ತೋರಿಸೋಣ ಅಂತ..."

"ಸಂಜೆಯೊಳಗೆ ಇನ್ನೊಂದು ಮಾಡಕ್ಕಾಗಲ್ವಾ?" ಎಂದೆ. ಕೇಳಬಾರದಿತ್ತು.

"ಎಲ್ಲಾರ್ದೂ ಇದ್ದ ಡಿಸೈನಲ್ಲೇ ಹೆಸ್ರು ಬದಲಾಯ್ಸಿ ಮಾಡ್ತೀನಿ ಸಾರ್. ಇದೊಂದು ಹಂಗಲ್ಲ. ಅಂಚಿನ ಮಲ್ಲಿಗೆ ಬಳ್ಳಿ ಇದೆಯಲ್ಲ, ಒಂದೊಂದು ಎಲೆನೂ ಕೂತ್ಕೊಂಡು ಬಿಡ್ಸಿದೀನಿ" ಎಂದಳು. ಬಷೀರಣ್ಣ ಒಂದು ಲೋಟ ನೀರು ತಂದಿಟ್ಟರು. ನಾನು ಚಿತ್ರಾನ್ನದ ಡಬ್ಬಿಯನ್ನು ಮುಚ್ಚಿಟ್ಟೆ.

ಅಂಗಡಿಯವನಿಗೆ ಫೋನು ಮಾಡಿದೆ. ತೀರ್ಥಹಳ್ಳಿ ಕಡೆಯ ಯಾವುದೋ ಘಾಟಿಯಲ್ಲಿದ್ದ. "ಏನ್ ಸಾರ್? ಮನೆ ಹೋಯ್ತಾ? ಅಯ್ಯೋ, ಮಳೆಗಾ?" ಎನ್ನುವಷ್ಟರಲ್ಲಿ ಕಟ್ಟಾಯಿತು. ಪುಸ್ತಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದಿದೆ. ಮನೆ ಕಟ್ಟುವುದು ಹೇಗೆ ಎಂಬುದಕ್ಕೆ ಅಧ್ಯಾಯಗಳೇ ಇದ್ದವು. ಕಟ್ಟಿದ ಮನೆ ಕಾಣದಿದ್ದರೆ ಏನು ಮಾಡಬೇಕು ಎಂದು ಒಂದು ಸಾಲೂ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಯಜಮಾನರು ಒಂದು ಊದುಬತ್ತಿ ಹಚ್ಚಿ ತಂದು ಸರ್ವರಿನ ಮುಂದೆ ಸಿಕ್ಕಿಸಿದರು. ಹೊಗೆ ಒಳಗೆ ಹೋದರೆ ಕೆಟ್ಟುಹೋಗುತ್ತದೆ ಎಂದು ಹೇಳುವ ನೈತಿಕ ಧೈರ್ಯ ನನಗಿರಲಿಲ್ಲ.

ಆಗಲೇ ಸರೋಜಳ ಫೋನು ಬಂತು. "ರೀ, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ." ನನ್ನ ದನಿ ಕೇಳಿಯೇ, "ಏನಾಯ್ತು?" ಎಂದಳು. ಮೂಲೆಗೆ ಹೋಗಿ, ಪಿಸುಮಾತಿನಲ್ಲಿ ಎಲ್ಲವನ್ನೂ ಒದರಿದೆ, 'ಬಿ' ಸಮೇತ.

"ನೀವು ತಿದ್ದೋಕೆ ಮುಂಚೆ ಎಲ್ಲಾರ್ದೂ ಇತ್ತಾ?"

"ಇತ್ತು."

"ತಿದ್ದಿದ್ಮೇಲೆ ಹೋಯ್ತಾ?"

"ಹೌದು ಮಾರಾಯ್ತಿ, ಅದೇ ಹೇಳ್ತಿದೀನಲ್ಲ!"

"ಹಂಗಾದ್ರೆ ವಾಪಸ್ ತಪ್ಪು ಮಾಡಿ ಮತ್ತೆ. ಕೊತ್ತಂಬರಿ ಎಲೆ ಹಳದಿ ಆಗಿರೋದನ್ನ ತರ್ಬೇಡಿ" ಎಂದು ಫೋನು ಇಟ್ಟಳು.

ಸರಿ ಇರುವುದನ್ನು ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಮಾಡುವುದು ಪ್ರೂಫು ನೋಡುವವನಿಗೆ ಎಂಥ ಸಂಕಟ ಎಂಬುದನ್ನು ಬೇರೆಯವರಿಗೆ ಹೇಳಿ ತಿಳಿಸಲಾಗದು. ಆರನ್ನು ಅಳಿಸಿ 'ಬಿ' ಹಾಕಿದೆ. ಸರ್ವರನ್ನು ಮಲಗಿಸಿ ಎಬ್ಬಿಸಿದೆ. ನನ್ನ ಬೆನ್ನ ಹಿಂದೆ ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದರು. ಪರದೆಯ ಮೇಲೆ ಮೊದಲು ಬಷೀರಣ್ಣನ ಸ್ಕೂಟರು ಬಂತು. ಆಮೇಲೆ ಸಿಂಹ, ಮಲಗಿದಂತೆಯೇ. ಆಮೇಲೆ ಗಿರಿಜಾಳ ಮನೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ ನೋಡಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಯಜಮಾನರು ಊದುಬತ್ತಿಯ ಕಡೆ ನೋಡಿ ಕೈಮುಗಿದರು. ಇವತ್ತಿಗೂ ಶ್ರೇಯಸ್ಸು ಅದಕ್ಕೇ ಸಲ್ಲುತ್ತಿದೆ.

ಆದದ್ದೇನು ಎಂಬುದು ನನಗೆ ಆಮೇಲೆ ಹೊಳೆಯಿತು. ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ಜನ ವಾಸವಾಗಿದ್ದ ಮನೆಗಳ ಮೇಲೆಯೇ ನಾನು ಆ ದೊಡ್ಡ ಖಾಲಿ ವಾಲ್ಯೂಮನ್ನು ತಂದು ಕೂರಿಸಿದ್ದೆ. ಎಲ್ಲವೂ ಅದರಡಿಯಲ್ಲಿ ಕ್ಷೇಮವಾಗಿ ಮುಚ್ಚಿಹೋಗಿತ್ತು. ತಿಳಿದ ಮೇಲೆ ಮಾಡಬೇಕಾದದ್ದು ಸುಲಭವಿತ್ತು. ದೊಡ್ಡ ವಾಲ್ಯೂಮನ್ನು ಮೊದಲು ಬೇರೆ ಜಾಗದಲ್ಲಿ ಕೂರಿಸಿ, ಒಂದೊಂದೇ ಮನೆಯನ್ನು ಅಲ್ಲಿಗೆ ನಕಲು ಮಾಡಿ, ಬಂದಿದೆಯೇ ಎಂದು ನೋಡಿಕೊಂಡು, ಆಮೇಲೆ ಆ ಅಕ್ಷರವನ್ನು ತಿದ್ದುವುದು. ಅದನ್ನು ಮರುದಿನ ನಿಧಾನವಾಗಿ ಮಾಡಿ ಮುಗಿಸಿದೆ. ಸಿಂಹದ ವೀಡಿಯೊವನ್ನಾದರೂ ಬಿಡೋಣವೇ ಎಂದು ಯಜಮಾನರನ್ನು ಕೇಳಿದೆ. "ಕೊನೇಲಿ ಒಂದ್ಸಲ ಬಾಲ ಅಲ್ಲಾಡ್ಸುತ್ತೆ ಪಂಡಿತ್ರೇ" ಎಂದರು. ಇಟ್ಟುಕೊಂಡೆವು.

ಆದರೆ ಆ ಸೋಮವಾರ ಯಾರಿಗೂ ನಕಲಿನ ಯೋಚನೆ ಇರಲಿಲ್ಲ. ಗಿರಿಜಾ ಕಾರ್ಡನ್ನು ಮೊದಲು ತನ್ನದೊಂದು ಪೆನ್‌ಡ್ರೈವಿಗೆ ಹಾಕಿಕೊಂಡಳು. ನಾನು ಏನೂ ಅನ್ನಲಿಲ್ಲ. ಯಜಮಾನರು ತಾವೇ ಒಳಗಿನಿಂದ ಒಳ್ಳೆಯ ದಪ್ಪ ಕಾಗದ ತಂದುಕೊಟ್ಟರು. ಬಣ್ಣದ ಪ್ರಿಂಟರಿನಿಂದ ಒಂದು ಪ್ರತಿ ಹೊರಬಂತು. ಅಂಚಿನ ಸುತ್ತ ಮಲ್ಲಿಗೆ ಬಳ್ಳಿ, ನಿಜಕ್ಕೂ ಒಂದು ಎಲೆಯಂತೆ ಇನ್ನೊಂದಿರಲಿಲ್ಲ. ನಡುವೆ ಎರಡು ಹೆಸರು. ಕೆಳಗೆ 'ಆಗಮನಾಭಿಲಾಷಿ' ಎಂದು ತಾಯಿಯ ಹೆಸರೊಂದೇ.

"ಪ್ರೂಫ್ ನೋಡಿ ಸಾರ್" ಎಂದು ನನ್ನ ಮುಂದಿಟ್ಟಳು.

ಕೆಂಪು ಪೆನ್ನು ಹಿಡಿದು ಓದಿದೆ. ಮತ್ತೆ ಓದಿದೆ. ಒತ್ತು, ದೀರ್ಘ, ಅರ್ಕಾವತ್ತು ಎಲ್ಲವೂ ಅದರದರ ಜಾಗದಲ್ಲಿದ್ದವು. ಕಣ್ಣು ಸ್ವಲ್ಪ ಮಂಜಾಗಿತ್ತು, ಅದು ಬೇರೆ ವಿಷಯ. "ಒಂದೇ ಒಂದು ತಪ್ಪಿಲ್ಲ" ಎಂದು ಪೆನ್ನಿಗೆ ಮುಚ್ಚಳ ಹಾಕಿದೆ. ಅಷ್ಟರಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು, ಬಗಲಲ್ಲಿ ಯಾವ ಕಟ್ಟೂ ಇಲ್ಲದೆ ಮುರುಗೇಶ ಬಾಗಿಲಲ್ಲಿ ನಿಂತಿದ್ದ. ಅವನನ್ನು ನಾನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಿಂದ ಅಂಚಿಗೆ ನೋಡಿದ. "ಎಲ್ಲಾ ಸರಿಯಾಗಿದೆ ತಾನೇ ಸಾರ್?" ಎಂದ. "ನಾನು ನೋಡಿದೀನಿ, ಧೈರ್ಯವಾಗಿ ಹೋಗ್ಬನ್ನಿ" ಎಂದೆ.

ಮರುದಿನ ಬೆಳಿಗ್ಗೆ ಗಿರಿಜಾ ಬರುವ ತನಕ ಯಾರೂ ಯಾವ ಕೆಲಸಕ್ಕೂ ಕೈ ಹಚ್ಚಿರಲಿಲ್ಲ. ಅವಳು ಬ್ಯಾಗು ಇಟ್ಟು, ಕುರ್ಚಿ ಎಳೆದುಕೊಂಡು, ನಡೆದದ್ದನ್ನು ಹೇಳಿದಳು. ಅಮ್ಮ ಕಾರ್ಡನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ಓದಿದರಂತೆ. ಮುರುಗೇಶನ ಮುಖ ನೋಡಿದರಂತೆ, ಮತ್ತೆ ಕಾರ್ಡು ನೋಡಿದರಂತೆ. ಕೊನೆಗೆ, "ಇದೇನೇ, ದಿನಾಂಕನೇ ಹಾಕಿಲ್ಲ? ಅಚ್ಚಾದದ್ರಲ್ಲಿ ಹಿಂಗೆ ಜಾಗ ಖಾಲಿ ಬಿಡ್ತಾರೇನೇ?" ಎಂದು ಎದ್ದು, ಪಕ್ಕದ ಬೀದಿಯ ಪುರೋಹಿತರಿಗೆ ಫೋನು ಹಚ್ಚಿ ಮುಹೂರ್ತ ಕೇಳಿಯೇಬಿಟ್ಟರಂತೆ.

ಯಜಮಾನರು ಚಪ್ಪಾಳೆ ತಟ್ಟಿದರು. ಬಷೀರಣ್ಣ ಟೀ ಹೇಳಲು ಓಡಿದರು. ನಾನು ನನ್ನ ಮೇಜಿನ ಮೇಲಿದ್ದ ಯಾವುದೋ ವಾರ್ಷಿಕ ವರದಿಯನ್ನು ಅತಿ ಶ್ರದ್ಧೆಯಿಂದ ಓದತೊಡಗಿದೆ. ಗಿರಿಜಾ ಹತ್ತಿರ ಬಂದು ದನಿ ತಗ್ಗಿಸಿ, "ಯಾರೇ ಇದನ್ನ ಪ್ರೂಫ್ ನೋಡಿದ್ದು ಅಂತ ಅಮ್ಮ ಕೇಳಿದ್ಲು ಸಾರ್. ನಾನು ನಿಮ್ಮ ಹೆಸ್ರು ಹೇಳ್ಲಿಲ್ಲ" ಎಂದಳು.

ಮದುವೆ ಭದ್ರಾವತಿಯ ಒಂದು ಛತ್ರದಲ್ಲಿ ನಡೆಯಿತು. ನಾನು ರೇಷ್ಮೆ ಶಲ್ಯ ಹೊದ್ದು ಸರೋಜಳೊಂದಿಗೆ ಹೋಗಿದ್ದೆ. ಅಕ್ಷತೆ ಹಾಕಿ, ಸರೋಜ ಊಟದ ಪಂಕ್ತಿಗೆ ಕೂರಲು ಮುಂದೆ ಹೋದಳು. ನಾನು ಕೈ ತೊಳೆದುಕೊಂಡು ಬರುವಾಗ ಎದುರಿಗೆ ಗಿರಿಜಾ ಸಿಕ್ಕಿದಳು, ಪಕ್ಕದಲ್ಲಿ ಅವಳ ತಾಯಿ. ಸಣ್ಣ ಆಕೃತಿ, ದೊಡ್ಡ ಕನ್ನಡಕ.

"ಪ್ರೆಸ್ಸಿಂದ ಎಲ್ಲಾರೂ ಬಂದ್ರೇನೇ? ಆ ದಿನಾಂಕ ಬಿಟ್ಟ ಪುಣ್ಯಾತ್ಮ ಬಂದಿದಾನಾ? ನಾನೊಂದ್ಸಲ ನೋಡ್ಬೇಕು" ಎಂದರು. ಆ ಕಣ್ಣು ನನ್ನ ಮೇಲೆ ಬಿತ್ತು. "ಇವ್ರೇನಾ?"

ಗಿರಿಜಾ ಒಂದು ಕ್ಷಣವೂ ತಡಮಾಡದೆ ನನ್ನನ್ನು ಕಾಪಾಡಿದಳು. "ಅಯ್ಯೋ ಇವ್ರಲ್ಲಮ್ಮ. ಇವ್ರು ಸರ್ವರ್ರು."

ತಾಯಿ ನನ್ನನ್ನು, ನನ್ನ ಶಲ್ಯವನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಇಲ್ಲಿ ಸುಮ್ನೆ ನಿಂತಿದೀಯಲ್ಲಪ್ಪ? ಆ ಕೊನೆ ಪಂಕ್ತಿಗೆ ಇನ್ನೂ ಸಾರೇ ಬಂದಿಲ್ಲ ನೋಡು!"

ಇನ್ನೊಮ್ಮೆ ಬಾಯಿ ಬಿಟ್ಟರೆ ಪ್ರೂಫಿನ ವಿಷಯ ಬರುತ್ತದೆ. ನಾನು ಶಲ್ಯವನ್ನು ಸೊಂಟಕ್ಕೆ ಬಿಗಿದು, ಅಡುಗೆಮನೆ ಬಾಗಿಲಲ್ಲಿದ್ದ ಸಾರಿನ ಬಕೆಟ್ಟು ಎತ್ತಿಕೊಂಡೆ. ಕೊನೆಯ ಪಂಕ್ತಿಯಲ್ಲಿ ಯಜಮಾನರು, ಬಷೀರಣ್ಣ, ಅವರ ಪಕ್ಕದಲ್ಲಿ ಸರೋಜ. ಅವಳು ತಲೆಯೆತ್ತಿ ನೋಡಿದಳು, ಆಶ್ಚರ್ಯಪಡಲಿಲ್ಲ. "ಸ್ವಲ್ಪ ತಳದಿಂದ ಕಲಕಿ ಹಾಕಿ, ಬೇಳೆ ಬರ್ಲಿ" ಎಂದಳು. ಕಲಕಿ ಹಾಕಿದೆ. ಸರ್ವರ್ ಕೆಲಸ ನನ್ನ ಕೈಯಲ್ಲಿ ಯಾರಿಗೂ ಏನೂ ಕಳೆದುಹೋಗದಂತೆ ಮೊದಲ ಯತ್ನದಲ್ಲೇ ನಡೆದದ್ದು ಅದೊಂದು ದಿನ.